ಮಿತವ್ಯಯದ ಗಣಕಯಂತ್ರ: ಪ್ರೊಸೆಸರ್ ಮತ್ತು ಮದರ್‌ಬೋರ್ಡುಗಳ ಹೊಂದಾಣಿಕೆ

ಪೀಠಿಕೆ

ವಾಕ್ಯವೆಂಬುದು ಪದಗಳ ಸಮೂಹ. ಆದರೆ ಪದಗಳ ಸಮೂಹವೆಲ್ಲವೂ ವಾಕ್ಯವಾಗಲಾರದು. ಪದಗಳು ಕೂಡಿ ಅರ್ಥವನ್ನು ಕೊಡಬೇಕಾದರೆ ಅವುಗಳಲ್ಲಿ ಯೋಗ್ಯತೆ, ಆಕಾಂಕ್ಷೆ, ಸನ್ನಿಧಿ ಎಂಬ ಮೂರು ಗುಣಗಳಿರಬೇಕೆಂದು ಶಾಸ್ತ್ರಕಾರರು ವಿಧಿಸಿದ್ದಾರೆ. ‘ನೀರಿನಿಂದ ದೀಪವನ್ನು ಹೊತ್ತಿಸಿದನು’ ಎಂಬಲ್ಲಿ ಪದಗಳೆಲ್ಲ ಶುದ್ಧವಾಗಿದ್ದರೂ ನೀರಿಗೆ ಹೊತ್ತಿಸುವ ಶಕ್ತಿಯಿಲ್ಲವಾದುದರಿಂದ ಯೋಗ್ಯತೆಯಿಲ್ಲ. ‘ಎತ್ತು, ನೇಗಿಲು, ಹೊಲ’ ಎಂದು ಹೆಸರುಗಳನ್ನಷ್ಟೇ ಪೇರಿಸಿದರೆ ಕ್ರಿಯಾಪದದ ಆಕಾಂಕ್ಷೆಯು ತೀರದೆ ಉಳಿಯುತ್ತದೆ. ‘ಪುಸ್ತಕವನ್ನು’ ಎಂದು ಬೆಳಿಗ್ಗೆ ನುಡಿದು ‘ತಾ’ ಎಂದು ಸಂಜೆ ನುಡಿದರೆ ಸನ್ನಿಧಿಯಿಲ್ಲದೆ ಕೇಳುವವನಿಗೆ ಏನೂ ತಿಳಿಯದು.

ಬಿಡಿಭಾಗಗಳನ್ನು ಕೊಂಡು ತಂದು ಗಣಕಯಂತ್ರವನ್ನು ಜೋಡಿಸುವ ಕಾರ್ಯಕ್ಕೂ ಈ ಮಾತು ಪೂರ್ಣವಾಗಿ ಸಲ್ಲುತ್ತದೆ. ಒಂದೊಂದು ಭಾಗವೂ ತನ್ನಷ್ಟಕ್ಕೆ ಉತ್ತಮವಾಗಿದ್ದು, ಎಲ್ಲವೂ ಕೂಡಿದಾಗ ಯಂತ್ರವು ಕಣ್ಣು ತೆರೆಯದೆ ಇರುವುದುಂಟು. ದೋಷವು ಭಾಗಗಳದ್ದಲ್ಲ, ಹೊಂದಾಣಿಕೆಯನ್ನು ಪರೀಕ್ಷಿಸದೆ ಕೊಂಡವನದು.

ಹಣವುಳ್ಳವನಿಗೆ ಈ ತಪ್ಪು ಒಂದು ದಿನದ ಬೇಸರ. ಆದರೆ ನಮ್ಮ ನಾಡಿನ ಮಠದ ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಅನೇಕರು ಒಕ್ಕಲುತನದ ಮತ್ತು ಕೂಲಿಯ ಮನೆಗಳಿಂದ ಬಂದವರು. ಅಂಥ ಮನೆಯೊಂದು ಮಗನಿಗೋ ಮಗಳಿಗೋ ಗಣಕಯಂತ್ರ ಕೊಡಿಸಲು ಕೂಡಿಟ್ಟ ಹಣವು ಕಾಯಕದ ಹಣ. ಸೀಲು ಒಡೆದ ಪೆಟ್ಟಿಗೆಯನ್ನು ಅಂಗಡಿಯವರು ಮರಳಿ ಪಡೆಯಲು ಒಪ್ಪುವುದು ವಿರಳ. ಒಮ್ಮೆ ತಪ್ಪಿದರೆ ಎರಡನೆಯ ಸಲ ಕೊಳ್ಳುವ ಶಕ್ತಿ ಆ ಮನೆಗೆ ಇರಲಾರದು. ಆದುದರಿಂದ ಈ ವಿಚಾರವನ್ನು ಕೊಳ್ಳುವ ಮೊದಲೇ ಅಭ್ಯಾಸ ಮಾಡತಕ್ಕದ್ದು.

ಎರಡು ಭಾಗಗಳ ಸ್ವರೂಪ

ಲೆಕ್ಕವನ್ನು ಮಾಡುವ, ಆಜ್ಞೆಗಳನ್ನು ನಡೆಸುವ ಚಿಕ್ಕ ಚೌಕದ ಭಾಗವೇ ಪ್ರೊಸೆಸರ್. ಅದನ್ನು ಕೂರಿಸಿಕೊಂಡು, ಅದಕ್ಕೆ ವಿದ್ಯುತ್ತನ್ನು ಹದಗೊಳಿಸಿ ಕೊಟ್ಟು, ಸ್ಮರಣೆಯೊಡನೆಯೂ ಸಂಗ್ರಹದೊಡನೆಯೂ ಪರದೆಯೊಡನೆಯೂ ಸಂಬಂಧ ಕಲ್ಪಿಸುವ ದೊಡ್ಡ ಹಲಗೆಯೇ ಮದರ್‌ಬೋರ್ಡ್. ಮನೆ ಕಟ್ಟುವವನು ಮೊದಲು ತಳಹದಿಯನ್ನು ನಿಶ್ಚಯಿಸಿಕೊಳ್ಳುವಂತೆ, ಯಂತ್ರ ಜೋಡಿಸುವವನು ಮೊದಲು ಈ ಜೋಡಿಯನ್ನು ನಿಶ್ಚಯಿಸಿಕೊಳ್ಳಬೇಕು. ಉಳಿದ ಭಾಗಗಳೆಲ್ಲವೂ ಇದನ್ನೇ ಅನುಸರಿಸಿ ಬರುತ್ತವೆ.

ಮನೆಬಳಕೆಯ ಗಣಕಯಂತ್ರಗಳ ಪ್ರೊಸೆಸರುಗಳನ್ನು ಮುಖ್ಯವಾಗಿ ಇಂಟೆಲ್ ಮತ್ತು ಎಎಂಡಿ ಎಂಬ ಎರಡು ಅಮೆರಿಕದ ಸಂಸ್ಥೆಗಳು ಒದಗಿಸುತ್ತವೆ. ಒಂದರ ಪ್ರೊಸೆಸರ್ ಇನ್ನೊಂದರ ಬೋರ್ಡಿಗೆ ಎಂದೂ ಸಲ್ಲದು. ಸಂಸ್ಕೃತ ಪದದೊಡನೆ ಕನ್ನಡ ಪದವನ್ನು ಕೂಡಿಸಿ ಸಮಾಸ ಮಾಡಿದರೆ ವೈಯಾಕರಣರು ಅದನ್ನು ಅರಿಸಮಾಸವೆಂದು ದೂಷಿಸುತ್ತಾರೆ. ಆ ನಿಯಮಕ್ಕಾದರೂ ಬಳಕೆಯಲ್ಲಿ ನಿಂತ ಕೆಲವು ಅಪವಾದಗಳುಂಟು. ಈ ಎರಡು ಸಂಸ್ಥೆಗಳ ಕೂಟಕ್ಕೆ ಇಂದಿನ ಬೋರ್ಡುಗಳಲ್ಲಿ ಒಂದು ಅಪವಾದವೂ ಇಲ್ಲ.

ಯೋಗ್ಯತೆ: ಸಾಕೆಟ್

ಪ್ರೊಸೆಸರ್ ಕುಳಿತುಕೊಳ್ಳುವ ಸ್ಥಾನಕ್ಕೆ ಸಾಕೆಟ್ ಎಂದು ಹೆಸರು. ಸಾಕೆಟ್ಟಿನ ಹೆಸರು ಎರಡೂ ಪೆಟ್ಟಿಗೆಗಳಿಗೆ ಸಮಾನವಾಗಿರಬೇಕಾದುದು ಮೊದಲನೆಯ ಪರೀಕ್ಷೆ.

ಇಂಟೆಲ್ ಪಂಗಡದಲ್ಲಿ 10 ಮತ್ತು 11ನೆಯ ತಲೆಮಾರಿನ ಪ್ರೊಸೆಸರುಗಳು ಎಲ್‌ಜಿಎ 1200 ಎಂಬ ಸಾಕೆಟ್ಟನ್ನೂ, 2021ರ ಕೊನೆಯಲ್ಲಿ ಬಂದ 12ನೆಯ ತಲೆಮಾರು ಹಾಗೂ ಅದರ ಹಿಂದೆಯೇ ಬಂದ 13 ಮತ್ತು 14ನೆಯ ತಲೆಮಾರುಗಳು ಎಲ್‌ಜಿಎ 1700 ಎಂಬುದನ್ನೂ ಬಯಸುತ್ತವೆ. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಶ್ರೇಣಿಗೆ ಎಲ್‌ಜಿಎ 1851 ಬೇಕು. ಈ ಅಂಕಿಗಳು ಸಂಪರ್ಕಬಿಂದುಗಳ ಸಂಖ್ಯೆಯನ್ನು ಸೂಚಿಸುತ್ತವೆ. ಎಎಂಡಿ ಪಂಗಡದಲ್ಲಿ ರೈಜೆನ್ ಹೆಸರಿನ 1000ದಿಂದ 5000ದವರೆಗಿನ ಶ್ರೇಣಿಗಳು ಎಎಂ4 ಸಾಕೆಟ್ಟಿನವು. 2022ರಲ್ಲಿ ಆರಂಭವಾದ 7000 ಶ್ರೇಣಿಯೂ ಅನಂತರ ಬಂದ 8000 ಮತ್ತು 9000 ಶ್ರೇಣಿಗಳೂ ಎಎಂ5 ಸಾಕೆಟ್ಟಿನವು.

ಇಲ್ಲಿಯೇ ಇನ್ನೊಂದು ಭೇದವನ್ನು ಅರಿಯಬೇಕು. ಎಎಂ4 ಪ್ರೊಸೆಸರಿನ ಹೊಟ್ಟೆಯ ಕೆಳಗೆ 1331 ಸಣ್ಣ ಪಿನ್ನುಗಳಿರುತ್ತವೆ. ಎಲ್‌ಜಿಎ ಜಾತಿಯಲ್ಲಿ ಪಿನ್ನುಗಳು ಸಾಕೆಟ್ಟಿನಲ್ಲಿಯೇ ಇದ್ದು, ಪ್ರೊಸೆಸರಿನ ತಳವು ಚಪ್ಪಟೆಯಾಗಿರುತ್ತದೆ. ಎಎಂ5 ಕೂಡ ಈ ಜಾತಿಗೆ ಸೇರಿದ್ದು. ಒಂದರಲ್ಲಿ ಪ್ರೊಸೆಸರನ್ನೂ ಇನ್ನೊಂದರಲ್ಲಿ ಬೋರ್ಡನ್ನೂ ಜೋಪಾನ ಮಾಡಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ. ಯಾವ ಜಾತಿಯದಾದರೂ ಮೂಲೆಯ ತ್ರಿಕೋನದ ಗುರುತುಗಳನ್ನು ಸರಿಹೊಂದಿಸಿ, ಒತ್ತದೆ, ತನ್ನ ಭಾರದಿಂದಲೇ ಕುಳಿತುಕೊಳ್ಳುವಂತೆ ಇಡತಕ್ಕದ್ದು. ಬಲವನ್ನು ಪ್ರಯೋಗಿಸಬೇಕಾಗಿ ಬಂದರೆ ಎಲ್ಲಿಯೋ ತಪ್ಪಿದೆಯೆಂದು ತಿಳಿದು ಕೈಯನ್ನು ಹಿಂದೆಗೆಯಬೇಕು.

ಯೋಗ್ಯತೆ: ಚಿಪ್‌ಸೆಟ್

ಸಾಕೆಟ್ ಹೊಂದಿದ ಮಾತ್ರಕ್ಕೆ ಯೋಗ್ಯತೆಯು ಸಿದ್ಧಿಸಿತೆಂದು ಭಾವಿಸಿ ಮೋಸಹೋದವರು ಬಹಳ. ಬೋರ್ಡಿನ ಮೇಲೆ ಚಿಪ್‌ಸೆಟ್ ಎಂಬ ಇನ್ನೊಂದು ಅಂಗವುಂಟು. ಬಿ450, ಎಚ್610 ಮೊದಲಾದ ಹೆಸರುಗಳು ಅದರವೇ. ಯಾವ ಚಿಪ್‌ಸೆಟ್ ಯಾವ ತಲೆಮಾರಿಗೆ ಸಲ್ಲುವುದೆಂಬುದು ಎರಡನೆಯ ಪರೀಕ್ಷೆ.

ಇಂಟೆಲ್‌ನ 6 ಮತ್ತು 7ನೆಯ ತಲೆಮಾರುಗಳಿಗೆ ಎಲ್‌ಜಿಎ 1151 ಸಾಕೆಟ್ ಇತ್ತು. 2017ರಲ್ಲಿ ಬಂದ 8ನೆಯ ತಲೆಮಾರಿಗೂ ಸಾಕೆಟ್ಟಿನ ಹೆಸರು ಅದೇ. ಬಿಂದುಗಳ ಸಂಖ್ಯೆಯೂ ಅದೇ. ಆದರೆ ಬಿಂದುಗಳಿಗೆ ಗೊತ್ತುಮಾಡಿದ ಕಾರ್ಯಗಳು ಬದಲಾಗಿದ್ದವು. ಹಿಂದಿನವು 100 ಮತ್ತು 200 ಶ್ರೇಣಿಯ ಚಿಪ್‌ಸೆಟ್ಟುಗಳನ್ನು ಬಯಸಿದರೆ 8 ಮತ್ತು 9ನೆಯ ತಲೆಮಾರುಗಳು 300 ಶ್ರೇಣಿಯನ್ನು ಬಯಸಿದವು. ಹಳೆಯ ಬೋರ್ಡಿನಲ್ಲಿ ಹೊಸದನ್ನು ಇಟ್ಟರೆ ಅದು ಕುಳಿತುಕೊಳ್ಳುತ್ತದೆ, ಆದರೆ ಕೆಲಸ ಮಾಡದು. ಬಳಸಿದ ಭಾಗಗಳನ್ನು ಕೊಳ್ಳುವವರು ಇಂದಿಗೂ ಎಡವುವ ಸ್ಥಳವಿದು. ಹಾಗೆಯೇ ಎಲ್‌ಜಿಎ 1200ರಲ್ಲಿ ಎಚ್410 ಮತ್ತು ಬಿ460 ಚಿಪ್‌ಸೆಟ್ಟುಗಳು 10ನೆಯ ತಲೆಮಾರಿಗೆ ಮಾತ್ರ ಸಲ್ಲುತ್ತವೆಂದೂ 11ನೆಯದಕ್ಕೆ ಸಲ್ಲವೆಂದೂ ಇಂಟೆಲ್ ಗೊತ್ತುಪಡಿಸಿತು.

ಎಎಂಡಿಯ ಪಕ್ಷದಲ್ಲಿ ಇನ್ನೂ ಸೂಕ್ಷ್ಮವಾದ ಉದಾಹರಣೆಯಿದೆ. ಬಿ550 ಚಿಪ್‌ಸೆಟ್ ರೈಜೆನ್ 5 3600ಕ್ಕೆ ಸಲ್ಲುತ್ತದೆ. ಆದರೆ ಅದೇ ಸಾಲಿನದೆಂದು ತೋರುವ ರೈಜೆನ್ 3 3200ಜಿ ಎಂಬುದಕ್ಕೆ ಅಧಿಕೃತವಾಗಿ ಸಲ್ಲದು. ಎರಡರ ಹೆಸರೂ 3 ಎಂಬ ಅಂಕಿಯಿಂದಲೇ ಆರಂಭವಾಗುತ್ತದೆ. ಎರಡೂ 2019ರಲ್ಲಿಯೇ ಬಂದವು. ಆದರೂ 3200ಜಿಯ ಒಳರಚನೆಯು ಹಿಂದಿನ ತಲೆಮಾರಿನದು. ಹೆಸರೊಂದೇ ಆದರೆ ಗೋತ್ರವೂ ಒಂದೇ ಆಗಬೇಕೆಂದಿಲ್ಲ.

ಯೋಗ್ಯತೆ: ಬಯಾಸ್

ಮೂರನೆಯದು ಕಣ್ಣಿಗೆ ಕಾಣದ ಅಂಗ. ಯಂತ್ರವು ಚಾಲನೆಗೊಂಡ ಕ್ಷಣದಲ್ಲಿ ಪ್ರೊಸೆಸರನ್ನು ಗುರುತಿಸಿ ಎಬ್ಬಿಸುವ ಆದ್ಯ ತಂತ್ರಾಂಶವು ಬೋರ್ಡಿನ ಒಂದು ಚಿಪ್ಪಿನಲ್ಲಿ ಬರೆಯಲ್ಪಟ್ಟಿರುತ್ತದೆ. ಇದಕ್ಕೆ ಬಯಾಸ್ ಎಂದು ರೂಢಿಯ ಹೆಸರು. 2018ರಲ್ಲಿ ಬಂದ ಬಿ450 ಬೋರ್ಡಿನಲ್ಲಿ ಆಗ ಬರೆದ ಬಯಾಸ್ ಉಳಿದಿದ್ದರೆ, 2021ರಲ್ಲಿ ಬಂದ ರೈಜೆನ್ 5 5600ಜಿಯನ್ನು ಅದು ಗುರುತಿಸಲಾರದು. ಸಾಕೆಟ್ ಸರಿ, ಚಿಪ್‌ಸೆಟ್ ಸರಿ. ಆದರೂ ಪರದೆಯು ಕಪ್ಪಾಗಿಯೇ ಇರುತ್ತದೆ. ಇಂಟೆಲ್‌ನ 600 ಶ್ರೇಣಿಯ ಬೋರ್ಡುಗಳಲ್ಲಿ 13 ಮತ್ತು 14ನೆಯ ತಲೆಮಾರಿನ ಪ್ರೊಸೆಸರುಗಳನ್ನು ಇಡುವಾಗಲೂ ಇದೇ ಪ್ರಸಂಗ ಬರುತ್ತದೆ.

ಇದಕ್ಕೆ ಪರಿಹಾರಗಳು ಮೂರು. ಒಂದನೆಯದಾಗಿ, ಕೊಳ್ಳುವ ಮೊದಲೇ ಅಂಗಡಿಯವರಿಂದ ಹೊಸ ಬಯಾಸ್ ಬರೆಯಿಸಿಕೊಳ್ಳುವುದು. ಎರಡನೆಯದಾಗಿ, ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯಾಸ್ ಬರೆಯುವ ಸೌಕರ್ಯವುಳ್ಳ ಬೋರ್ಡನ್ನು ಆರಿಸುವುದು. ಮೂರನೆಯದಾಗಿ, ಆ ಬೋರ್ಡು ಈಗಾಗಲೇ ಬಲ್ಲ ಹಳೆಯ ಪ್ರೊಸೆಸರೊಂದನ್ನು ಎರವಲು ತಂದು ಅದರ ನೆರವಿನಿಂದ ಬರೆಯುವುದು. ಬರೆಯುವ ನಡುವೆ ವಿದ್ಯುತ್ತು ಹೋದರೆ ಬೋರ್ಡು ಮತ್ತೆ ಏಳದಿರುವ ಅಪಾಯವುಂಟು. ಕರೆಂಟು ಬಂದುಹೋಗುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಈ ಕಾರ್ಯಕ್ಕೆ ಕೈ ಹಾಕಬಾರದು.

ಪ್ರಮಾಣ ಯಾವುದು?

ಯೋಗ್ಯತೆಯನ್ನು ನಿರ್ಣಯಿಸಲು ಪ್ರಮಾಣವೇನು? ಸಾಕೆಟ್ಟನ್ನು ಕಣ್ಣಿನಿಂದ ನೋಡಿ ಅರಿಯುವುದು ಪ್ರತ್ಯಕ್ಷ. ಎಲ್‌ಜಿಎ 1151ರ ಪ್ರಸಂಗದಲ್ಲಿ ಪ್ರತ್ಯಕ್ಷವು ಸೋಲುತ್ತದೆ. ಹೆಸರಿನ ಅಂಕಿಯಿಂದ ತಲೆಮಾರನ್ನು ಊಹಿಸುವುದು ಅನುಮಾನ. 3200ಜಿಯ ಪ್ರಸಂಗದಲ್ಲಿ ಅನುಮಾನವು ಸೋಲುತ್ತದೆ. ಉಳಿಯುವುದು ಆಪ್ತವಾಕ್ಯ. ಇಲ್ಲಿ ಆಪ್ತನೆಂದರೆ ಅಂಗಡಿಯ ಹುಡುಗನಲ್ಲ, ನೆರೆಮನೆಯ ಗೆಳೆಯನಲ್ಲ. ಬೋರ್ಡನ್ನು ತಯಾರಿಸಿದ ಸಂಸ್ಥೆ. ಪ್ರತಿಯೊಂದು ಸಂಸ್ಥೆಯೂ ತನ್ನ ಜಾಲತಾಣದಲ್ಲಿ ಆಯಾ ಬೋರ್ಡಿಗೆ ಸಲ್ಲುವ ಪ್ರೊಸೆಸರುಗಳ ಪಟ್ಟಿಯನ್ನು ಕೊಡುತ್ತದೆ. ಅದರಲ್ಲಿ ಪ್ರೊಸೆಸರಿನ ಹೆಸರಿನ ಎದುರಿಗೆ ಕನಿಷ್ಠ ಯಾವ ಆವೃತ್ತಿಯ ಬಯಾಸ್ ಬೇಕೆಂಬುದೂ ನಮೂದಾಗಿರುತ್ತದೆ. ಆದರೆ ಬೋರ್ಡಿನ ಪೂರ್ಣ ಹೆಸರನ್ನು, ಕೊನೆಯ ಅಕ್ಷರ ಮತ್ತು ಆವೃತ್ತಿಯ ಅಂಕಿಯ ಸಹಿತ, ಹೋಲಿಸಿ ನೋಡಬೇಕು. ಒಂದಕ್ಷರ ಬದಲಾದರೆ ಅದು ಬೇರೆಯೇ ಬೋರ್ಡು.

ಆಕಾಂಕ್ಷೆ

ಈಗ ಆಕಾಂಕ್ಷೆಯ ವಿಚಾರ. ಕರ್ತೃಪದವು ಕ್ರಿಯಾಪದವನ್ನು ಬಯಸುವಂತೆ, ಕೆಲವು ಪ್ರೊಸೆಸರುಗಳು ತಮ್ಮ ಪೂರ್ತಿಗಾಗಿ ಇನ್ನೊಂದು ಭಾಗವನ್ನು ಬಯಸುತ್ತವೆ.

ಪರದೆಯ ಮೇಲೆ ಚಿತ್ರ ಮೂಡಿಸುವ ಶಕ್ತಿಯು ಕೆಲವು ಪ್ರೊಸೆಸರುಗಳಲ್ಲಿ ಅಂತರ್ಗತವಾಗಿರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಆ ಶಕ್ತಿಯಿಲ್ಲವೆಂದು ಅರ್ಥ. ಕೋರ್ ಐ3-12100 ಎಂಬುದು ತಾನಾಗಿಯೇ ಚಿತ್ರ ಮೂಡಿಸಬಲ್ಲದು, ಐ3-12100ಎಫ್ ಮೂಡಿಸಲಾರದು. ಎಎಂ4 ಸಾಕೆಟ್ಟಿನ ರೈಜೆನ್‌ಗಳಲ್ಲಿ ಇದಕ್ಕೆ ವಿಪರೀತವಾದ ಕ್ರಮ: ‘ಜಿ’ ಅಕ್ಷರವಿದ್ದರೆ ಮಾತ್ರ ಶಕ್ತಿಯುಂಟು. ಬೋರ್ಡಿನ ಹಿಂಬದಿಯಲ್ಲಿ ಪರದೆಯ ತಂತಿಗೆ ರಂಧ್ರವಿರುವುದನ್ನು ನೋಡಿ ಸಮಾಧಾನಪಡಬಾರದು. ಪ್ರೊಸೆಸರಿನಲ್ಲಿ ಶಕ್ತಿಯಿಲ್ಲದಿದ್ದರೆ ಆ ರಂಧ್ರವು ಬಾವಿಯಿಲ್ಲದ ರಾಟೆಯಂತೆ. ಅಂಥ ಪ್ರೊಸೆಸರ್ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನು ಬಯಸುತ್ತದೆ. ಎಫ್ ಅಕ್ಷರದಿಂದ ಉಳಿದ ಹಣಕ್ಕಿಂತ ಹೆಚ್ಚಿನ ಹಣ ಆ ಕಾರ್ಡಿಗೆ ಬೇಕಾಗುತ್ತದೆ.

ಎರಡನೆಯ ಆಕಾಂಕ್ಷೆ ರ‍್ಯಾಮ್ ಎಂಬ ಸ್ಮರಣಪಟ್ಟಿಯದು. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಬಿಂದುಗಳಿದ್ದರೂ ನಡುವಿನ ಕಚ್ಚಿನ ಸ್ಥಾನ ಬೇರೆ. ಒಂದರ ಸ್ಥಾನದಲ್ಲಿ ಇನ್ನೊಂದು ಕೂರದು. ಎಎಂ4 ಬೋರ್ಡುಗಳಿಗೆ ಡಿಡಿಆರ್4 ಮಾತ್ರ. ಎಎಂ5 ಮತ್ತು ಎಲ್‌ಜಿಎ 1851 ಬೋರ್ಡುಗಳಿಗೆ ಡಿಡಿಆರ್5 ಮಾತ್ರ. ಎಲ್‌ಜಿಎ 1700ರಲ್ಲಿ ಪ್ರೊಸೆಸರ್ ಎರಡನ್ನೂ ಬಲ್ಲದಾದರೂ ಬೋರ್ಡು ಸಾಮಾನ್ಯವಾಗಿ ಒಂದನ್ನೇ ಬಲ್ಲದು. ಆದುದರಿಂದ ಬೋರ್ಡಿನ ಹೆಸರಿನಲ್ಲಿರುವ ಗುರುತನ್ನು ನೋಡಿಕೊಳ್ಳಬೇಕು. ಅಂತರ್ಗತ ಚಿತ್ರಶಕ್ತಿಯು ಈ ಸ್ಮರಣೆಯಲ್ಲಿಯೇ ಪಾಲು ಪಡೆಯುವುದರಿಂದ, 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಹೆಚ್ಚು ಫಲಕಾರಿ.

ಮೂರನೆಯದು ವಿದ್ಯುತ್ತಿನ ಆಕಾಂಕ್ಷೆ. ಐ3-12100ರ ಮೂಲ ಬಳಕೆ 60 ವ್ಯಾಟ್, ವೇಗದ ಹೊತ್ತಿನಲ್ಲಿ 89 ವ್ಯಾಟ್. ಅದೇ ಸಾಕೆಟ್ಟಿನ ಐ9-14900ಕೆ ಎಂಬುದರದು 125 ವ್ಯಾಟ್, ವೇಗದ ಹೊತ್ತಿನಲ್ಲಿ 253 ವ್ಯಾಟ್. ಅಗ್ಗದ ಎಚ್610 ಬೋರ್ಡಿನ ಪಟ್ಟಿಯಲ್ಲಿ ಎರಡನೆಯದರ ಹೆಸರೂ ಇರಬಹುದು. ಆದರೆ ವಿದ್ಯುತ್ತನ್ನು ಹದಗೊಳಿಸುವ ಅಂಗವು ದುರ್ಬಲವಾಗಿದ್ದರೆ ಪ್ರೊಸೆಸರ್ ತನ್ನ ಪೂರ್ಣ ವೇಗವನ್ನು ಮುಟ್ಟದು. ಎಳೆಗರುವಿನ ಹೆಗಲಿಗೆ ತುಂಬಿದ ಬಂಡಿಯ ನೊಗವನ್ನು ಹೂಡಿದಂತಾಗುತ್ತದೆ.

ಸನ್ನಿಧಿ

ಸನ್ನಿಧಿಯೆಂದರೆ ಸಾಮೀಪ್ಯ. ಪೆಟ್ಟಿಗೆಯೊಳಗೆ ಬೋರ್ಡು ಹಿಡಿಯಬೇಕು. ಎಟಿಎಕ್ಸ್ ಬೋರ್ಡು 305 ಮತ್ತು 244 ಮಿಲಿಮೀಟರ್ ಅಳತೆಯದು. ಮೈಕ್ರೋ ಎಟಿಎಕ್ಸ್ ಎರಡು ಕಡೆಯೂ 244 ಮಿಲಿಮೀಟರಿನವರೆಗೆ ಇರುತ್ತದೆ. ಮಿತವ್ಯಯಕ್ಕೆ ಎರಡನೆಯದೇ ಸಾಕು.

ಅದಕ್ಕಿಂತ ಮುಖ್ಯವಾದುದು ಪ್ರೊಸೆಸರಿಗೂ ಅದರ ಶಾಖವನ್ನು ಹೀರುವ ಕೂಲರಿಗೂ ಇರಬೇಕಾದ ಸಾಮೀಪ್ಯ. ಎಲ್‌ಜಿಎ 1200ರ ಕೂಲರಿನ ತೂತುಗಳ ನಡುವಣ ಅಂತರ 75 ಮಿಲಿಮೀಟರ್. ಎಲ್‌ಜಿಎ 1700ರಲ್ಲಿ ಅದು 78 ಮಿಲಿಮೀಟರ್. ಮೂರೇ ಮಿಲಿಮೀಟರಿನ ಭೇದವಾದರೂ ಹಳೆಯ ಕೂಲರನ್ನು ತಕ್ಕ ಹಿಡಿಕೆಯಿಲ್ಲದೆ ಕೂರಿಸಲು ಬಾರದು. ಎರಡು ಲೋಹಗಳ ನಡುವೆ ಕಣ್ಣಿಗೆ ಕಾಣದ ಗಾಳಿಯ ಸಂದುಗಳಿರುತ್ತವೆ. ಅವುಗಳನ್ನು ಮುಚ್ಚಲು ಥರ್ಮಲ್ ಪೇಸ್ಟ್ ಎಂಬ ಲೇಪವನ್ನು ಕಡಲೆಕಾಳಿನಷ್ಟು ಮಾತ್ರ ಹಚ್ಚಬೇಕು. ಬಿಡಿಯಾಗಿ ಮಾರುವ ಪ್ರೊಸೆಸರಿನೊಡನೆ ಕೂಲರ್ ಬರುವುದಿಲ್ಲವೆಂಬುದನ್ನೂ ಲೆಕ್ಕದಲ್ಲಿ ಹಿಡಿಯಬೇಕು.

ಒಂದು ನಿದರ್ಶನ

ಜೋಳ ಮಾರಿದ ಹಣದಲ್ಲಿ ತಂದೆ ಕೊಟ್ಟ ಪಾಲನ್ನು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಂದ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಬಹುದು. ಕನ್ನಡ ಬೆರಳಚ್ಚು, ಲೆಕ್ಕಪತ್ರ, ಪ್ರೋಗ್ರಾಮಿಂಗ್ ಅಭ್ಯಾಸ ಇಷ್ಟೇ ಅವನ ಉದ್ದೇಶ. ಅಣ್ಣನ ಕೆಟ್ಟುನಿಂತ ಯಂತ್ರದಿಂದ ತೆಗೆದ 8 ಜಿಬಿಯ ಎರಡು ಡಿಡಿಆರ್4 ಪಟ್ಟಿಗಳು ಅವನಲ್ಲಿವೆ. ಅಂಗಡಿಯಾತನು ಮೂರು ಜೋಡಿಗಳನ್ನು ಮುಂದಿಡುತ್ತಾನೆ.

ಮೊದಲನೆಯದು ರೈಜೆನ್ 5 5500 ಮತ್ತು ಬಹುಕಾಲದಿಂದ ಅಂಗಡಿಯಲ್ಲಿ ಕುಳಿತ ಬಿ450 ಬೋರ್ಡು. ಎಲ್ಲಕ್ಕಿಂತ ಅಗ್ಗವಾದುದು ಇದೇ. ಸಾಕೆಟ್ ಹೊಂದುತ್ತದೆ. ಆದರೆ ಪ್ರೊಸೆಸರ್ 2022ರದಾದುದರಿಂದ ಬಯಾಸ್ ಸಂದೇಹಾಸ್ಪದ. ‘ಜಿ’ ಅಕ್ಷರವಿಲ್ಲವಾದುದರಿಂದ ಚಿತ್ರವೂ ಮೂಡದು. ಯೋಗ್ಯತೆಯಲ್ಲಿ ಸಂದೇಹ, ಆಕಾಂಕ್ಷೆಯಲ್ಲಿ ಕೊರತೆ. ಅಗ್ಗವೆಂದು ಕೊಂಡರೆ ಮನೆಗೆ ಬಂದು ಕಪ್ಪು ಪರದೆಯ ಮುಂದೆ ಕುಳಿತುಕೊಳ್ಳಬೇಕಾಗುತ್ತದೆ.

ಎರಡನೆಯದು ಐ3-12100ಎಫ್ ಮತ್ತು ಡಿಡಿಆರ್5 ಬಯಸುವ ಎಚ್610 ಬೋರ್ಡು. ಸಾಕೆಟ್, ಚಿಪ್‌ಸೆಟ್, ಬಯಾಸ್ ಮೂರೂ ನಿರ್ದುಷ್ಟ. ಆದರೆ ಗ್ರಾಫಿಕ್ಸ್ ಕಾರ್ಡ್ ಬೇಕು. ಕೈಯಲ್ಲಿರುವ ಡಿಡಿಆರ್4 ಪಟ್ಟಿಗಳು ವ್ಯರ್ಥವಾಗುತ್ತವೆ.

ಮೂರನೆಯದು ರೈಜೆನ್ 5 5600ಜಿ ಮತ್ತು ಬಿ550 ಬೋರ್ಡು. ಸಾಕೆಟ್ ಎಎಂ4, ಚಿಪ್‌ಸೆಟ್ ಸಲ್ಲುತ್ತದೆ, ಚಿತ್ರಶಕ್ತಿ ಅಂತರ್ಗತ, ಅಣ್ಣನ ಪಟ್ಟಿಗಳು ಉಪಯೋಗಕ್ಕೆ ಬರುತ್ತವೆ. ಬೋರ್ಡು 2020ರದಾದುದರಿಂದ ಬಯಾಸಿನ ಆವೃತ್ತಿಯನ್ನು ಮಾತ್ರ ಪಟ್ಟಿಯೊಡನೆ ತಾಳೆ ನೋಡಿ, ಅಲ್ಲಿಯೇ ಬರೆಯಿಸಿಕೊಂಡರಾಯಿತು. ಅಂಗಡಿಯಾತನು ಹೇಳದಿದ್ದ ನಾಲ್ಕನೆಯ ಜೋಡಿಯೂ ಒಂದುಂಟು: ‘ಎಫ್’ ಇಲ್ಲದ ಐ3-12100 ಮತ್ತು ಡಿಡಿಆರ್4 ಬಯಸುವ ಎಚ್610. ಇದೂ ನಿರ್ದುಷ್ಟ. ಈ ಎರಡರಲ್ಲಿ ಬೆಲೆಯನ್ನು ವಿಚಾರಿಸಿ ಆರಿಸಬಹುದು. ಬೆಲೆಯ ವಿಚಾರ ಹೊಂದಾಣಿಕೆಯ ಅನಂತರ ಬರಬೇಕೇ ಹೊರತು ಮೊದಲಲ್ಲ.

ಬಳಸಿದ ಭಾಗಗಳು

ಮಿತವ್ಯಯದ ಹಾದಿಯಲ್ಲಿ ಬಳಸಿದ ಭಾಗಗಳೂ ಬರುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಸ್ಥೂಲವಾಗಿ ಇಂಟೆಲ್‌ನ 8ನೆಯ ತಲೆಮಾರು, ರೈಜೆನ್‌ನ 2000 ಶ್ರೇಣಿ ಮತ್ತು ಅವುಗಳಿಂದ ಮುಂದಿನವನ್ನೂ, ಟಿಪಿಎಂ 2.0 ಎಂಬ ರಕ್ಷಣಾಂಗವನ್ನೂ ಬಯಸುತ್ತದೆ. 6 ಮತ್ತು 7ನೆಯ ತಲೆಮಾರಿನ ಯಂತ್ರಗಳು ಅಗ್ಗವಾಗಿ ದೊರೆಯಲು ಇದೂ ಒಂದು ಕಾರಣ. ಲಿನಕ್ಸ್ ಬಳಸಲು ಸಿದ್ಧನಾದವನಿಗೆ ಅವು ಇಂದಿಗೂ ಉಪಯುಕ್ತ. ಆದರೆ ಕೊಳ್ಳುವ ಮುನ್ನ ಎಎಂ4 ಪ್ರೊಸೆಸರಿನ ಪಿನ್ನುಗಳನ್ನೂ ಎಲ್‌ಜಿಎ ಬೋರ್ಡಿನ ಸಾಕೆಟ್ಟನ್ನೂ ಬೆಳಕಿಗೆ ಓರೆಯಾಗಿ ಹಿಡಿದು, ಬಾಗಿದ ಪಿನ್ನುಗಳಿವೆಯೇ ಎಂದು ನೋಡಿ, ಅಂಗಡಿಯಲ್ಲಿಯೇ ಚಾಲನೆ ಮಾಡಿಸಿ ಪಡೆಯತಕ್ಕದ್ದು.

ಸಾರಾಂಶ

1. ಉದ್ದೇಶವನ್ನು ನಿಶ್ಚಯಿಸಿ ಪ್ರೊಸೆಸರನ್ನು ಆರಿಸುವುದು.
2. ಸಾಕೆಟ್ಟಿನ ಹೆಸರನ್ನು ಹೋಲಿಸುವುದು.
3. ಚಿಪ್‌ಸೆಟ್ ಆ ತಲೆಮಾರಿಗೆ ಸಲ್ಲುವುದೇ ಎಂದು ನೋಡುವುದು.
4. ತಯಾರಕರ ಪಟ್ಟಿಯಲ್ಲಿ ಹೆಸರನ್ನೂ ಬಯಾಸ್ ಆವೃತ್ತಿಯನ್ನೂ ತಾಳೆ ನೋಡುವುದು.
5. ಚಿತ್ರಶಕ್ತಿ, ರ‍್ಯಾಮ್, ವಿದ್ಯುತ್ತು ಇವುಗಳ ಆಕಾಂಕ್ಷೆಯನ್ನು ತೀರಿಸುವುದು.
6. ಬೋರ್ಡಿನ ಅಳತೆಯನ್ನೂ ಕೂಲರಿನ ಹಿಡಿಕೆಯನ್ನೂ ಪರೀಕ್ಷಿಸುವುದು.
7. ರಸೀದಿಯನ್ನು ಪಡೆದು, ಕೊನೆಯದಾಗಿ ಸೀಲನ್ನು ಒಡೆಯುವುದು.

ಅಭ್ಯಾಸ

1. ರೈಜೆನ್ 5 7600 ಪ್ರೊಸೆಸರನ್ನು ಬಿ550 ಬೋರ್ಡಿನಲ್ಲಿ ಇಡಬಹುದೇ? ಕಾರಣ ಕೊಡಿರಿ.
2. 7ನೆಯ ತಲೆಮಾರಿನ ಬೋರ್ಡಿನಲ್ಲಿ 8ನೆಯ ತಲೆಮಾರಿನ ಪ್ರೊಸೆಸರ್ ಕುಳಿತುಕೊಂಡರೂ ಏಕೆ ನಡೆಯದು?
3. ನಿಮ್ಮ ಶಾಲೆಯ ಗಣಕಯಂತ್ರವೊಂದರ ಪ್ರೊಸೆಸರ್ ಮತ್ತು ಬೋರ್ಡುಗಳ ಹೆಸರನ್ನು ಬರೆದುಕೊಂಡು, ಅವುಗಳಲ್ಲಿ ಯೋಗ್ಯತೆ, ಆಕಾಂಕ್ಷೆ, ಸನ್ನಿಧಿಗಳನ್ನು ಗುರುತಿಸಿರಿ.

ಏಳು ಪರೀಕ್ಷೆಗಳಿಗೂ ಕೂಡಿ ಒಂದು ಸಂಜೆಯ ಹೊತ್ತು ಸಾಕು. ಆ ಹಣವನ್ನು ದುಡಿಯಲು ಮನೆಯವರಿಗೆ ಒಂದು ಬೆಳೆಯೇ ಬೇಕಾಗಿತ್ತೆಂಬುದನ್ನು ನೆನೆದವನು ಆ ಸಂಜೆಯನ್ನು ಉಳಿಸಲು ಹೋಗುವುದಿಲ್ಲ.